ಬಾಲ ಇಲ್ಲದ ಜೆಟ್‌ನಲ್ಲಿ ಬಾಲದ ಕೆಲಸ ಯಾರು ಮಾಡ್ತಾರೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಲೈಟ್ ಆರಿಸಿ ಹಾಸಿಗೆಯಲ್ಲಿ ಕೇಳ್ತಿರೋರಿಗೂ ಸ್ವಾಗತ. ಈ ಸಂಚಿಕೆ ರೆಕಾರ್ಡ್ ಮಾಡ್ತಿರೋದು ಗೌರಿಬಿದನೂರು ತಾಲ್ಲೂಕಿನ ನಮ್ಮ ಅಲೀಪುರದಿಂದ. ಹಿಂದೆ ಸಣ್ಣಗೆ ಸಾಣೆ ಸದ್ದು ಕೇಳಿಸಿದ್ರೆ ಗಾಬರಿ ಆಗ್ಬೇಡಿ, ಪಕ್ಕದ ಮನೇಲಿ ಹರಳು ಉಜ್ಜೋ ಕೆಲಸ ನಡೀತಿದೆ. ಹರಳಿನ ವ್ಯಾಪಾರ ನಮ್ಮೂರಿನ ಹಳೇ ಕಸುಬು, ನಿಮಗೆ ಗೊತ್ತೇ ಇರುತ್ತೆ.

ಇವತ್ತಿನ ವಿಷಯ ಶುರುವಾಗಿದ್ದು ಒಂದು ಫೋನಿನಿಂದ. ನಮ್ಮ ಚಾಚಾ ಮಗ ಸೆಕೆಂಡ್ ಪಿಯು ಓದ್ತಿದಾನೆ. ಒಂದು ಸಂಜೆ ಚಾಚಾ ಅವನ ಫೋನ್ ಕಿತ್ಕೊಂಡು ಸೀದಾ ನನ್ನ ರೂಮಿಗೆ ಬಂದ್ರು. "ನೋಡು ಬೇಟಾ, ಪರೀಕ್ಷೆ ಹತ್ತಿರ ಬಂತು. ಇವನು ರಾತ್ರಿಯೆಲ್ಲ ಕೂತ್ಕೊಂಡು ಬಾಲ ಇಲ್ಲದ ವಿಮಾನ ಮಾಡ್ತಾನೆ. ಬಾಲ ಇಲ್ಲದ ವಿಮಾನದಿಂದ ಏನು ಲಾಭ? ನೀನು ಬಿಕಾಂ ಮಾಡಿದೀಯಲ್ಲ, ಲೆಕ್ಕ ಹಾಕಿ ಹೇಳು" ಅಂದ್ರು.

ಹುಡುಗ ಬಾಗಿಲ ಹತ್ತಿರ ನಿಂತಿದ್ದ, ಮುಖ ಸಪ್ಪಗೆ. "ಭಾಯ್, ಅದು ಆಟ ಅಲ್ಲ, ನಮ್ಮ ಚಳ್ಳಕೆರೆ ವಿಮಾನ" ಅಂದ.

ಚಾಚಾ ಕೇಳಿದ ಪ್ರಶ್ನೆ ಒಳ್ಳೇ ಪ್ರಶ್ನೆ. ಲಾಭ ಏನು, ಖರ್ಚು ಏನು, ಆ ಖರ್ಚನ್ನ ಯಾರು ಕಟ್ತಾರೆ? ಇವತ್ತು ಇದೇ ಮೂರು ಪ್ರಶ್ನೆಗೆ ಉತ್ತರ ಹುಡುಕೋಣ.

ಚಳ್ಳಕೆರೆ ವಿಮಾನ ಅಂದ್ರೆ ಯಾವುದು?

ನಮ್ಮ ಕಡೆಯಿಂದ ಮಧುಗಿರಿ, ಶಿರಾ, ಹಿರಿಯೂರು ದಾಟಿ ಹೋದ್ರೆ ಚಳ್ಳಕೆರೆ ಸಿಗುತ್ತೆ. ಅಲ್ಲಿ ಡಿಆರ್‌ಡಿಓದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ. ವರವು ಕಾವಲಿನಲ್ಲಿ ಸುಮಾರು 4,290 ಎಕರೆ ಜಾಗ, 2017ರ ಮೇ 28ರಂದು ಉದ್ಘಾಟನೆ ಆಯ್ತು. ಪೈಲಟ್ ಇಲ್ಲದ ವಿಮಾನಗಳನ್ನ ಪರೀಕ್ಷೆ ಮಾಡೋದಕ್ಕೆ ಅಂತಲೇ ಕಟ್ಟಿದ ಜಾಗ ಅದು.

2022ರ ಜುಲೈ 1ರಂದು ಅಲ್ಲಿಂದ ಒಂದು ವಿಚಿತ್ರ ಆಕಾರದ ವಿಮಾನ ಮೊದಲ ಸಲ ಹಾರಿತು. ಪತ್ರಿಕೆಗಳಲ್ಲಿ 'ಸ್ವಿಫ್ಟ್' ಅಂತ ಹೆಸರು ಬಂದಿದ್ದು ಇದಕ್ಕೇ. ಕಾರ್ ಅಲ್ಲ ಮತ್ತೆ! ಸ್ಟೆಲ್ತ್ ವಿಂಗ್ ಫ್ಲೈಯಿಂಗ್ ಟೆಸ್ಟ್‌ಬೆಡ್ ಅನ್ನೋದರ ಚಿಕ್ಕ ರೂಪ. ಇದನ್ನ ವಿನ್ಯಾಸ ಮಾಡಿದ್ದು ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್, ಚಿಕ್ಕದಾಗಿ ಎಡಿಇ. ಒಳಗೆ ಮನುಷ್ಯ ಇಲ್ಲ. ಒಂದು ಸಣ್ಣ ಟರ್ಬೋಫ್ಯಾನ್ ಎಂಜಿನ್, ಬಾಣದ ತುದಿಯಂಥ ರೆಕ್ಕೆ. ತಾನೇ ಓಡಿ, ತಾನೇ ಏರಿ, ಹೇಳಿದ ದಾರಿಯಲ್ಲಿ ಸುತ್ತಿ, ತಾನೇ ಇಳೀತು.

ಆಮೇಲೆ ಎರಡು ಮಾದರಿ ವಿಮಾನಗಳನ್ನ ಇಟ್ಕೊಂಡು ಬೇರೆ ಬೇರೆ ರೂಪದಲ್ಲಿ ಇನ್ನೂ ಆರು ಹಾರಾಟ ಮಾಡಿದ್ರು. 2023ರ ಡಿಸೆಂಬರ್ 15ರಂದು ಡಿಆರ್‌ಡಿಓ ಪ್ರಕಟಣೆ ಕೊಡ್ತು: ಪೂರ್ತಿ ಬಾಲರಹಿತ ರೂಪದಲ್ಲಿ ಹಾರಾಟ ಯಶಸ್ವಿ. ಇದು ಮುಂದೆ ಬರಬೇಕಾದ 'ಘಾತಕ್' ಅನ್ನೋ ಯುದ್ಧ ಡ್ರೋನ್‌ಗೆ ಮೆಟ್ಟಿಲು.

ನಮ್ಮ ಹುಡುಗ ಕಟ್ಟೋಕೆ ಹೊರಟಿದ್ದು ಇದೇ ವಿಮಾನವನ್ನ, ಸಿಂಪಲ್‌ಪ್ಲೇನ್ಸ್ ಅನ್ನೋ ಗೇಮಿನಲ್ಲಿ. ಗೊತ್ತಿಲ್ಲದೋರಿಗೆ ಹೇಳ್ತೀನಿ: ಅದು ರೆಡಿ ವಿಮಾನ ಹಾರಿಸೋ ಗೇಮ್ ಅಲ್ಲ. ರೆಕ್ಕೆ, ಎಂಜಿನ್, ಗಾಲಿ, ಇಂಧನದ ಟ್ಯಾಂಕ್ ಎಲ್ಲಾ ಬಿಡಿಬಿಡಿಯಾಗಿ ಕೊಡುತ್ತೆ. ನೀವೇ ಜೋಡಿಸಬೇಕು. ಜೋಡಿಸಿದ್ದು ತಪ್ಪಿದ್ರೆ ರನ್‌ವೇ ತುದಿಯಲ್ಲೇ ಉರುಳಿ ಬೀಳುತ್ತೆ.

ಮೊದಲು ಲಾಭದ ಕಡೆ ನೋಡೋಣ

ಕೇರಂ ಆಡಿದೀರಲ್ವಾ? ಸ್ಟ್ರೈಕರನ್ನ ಬೋರ್ಡಿನ ಮೂಲೆ ಹತ್ತಿರ ಓರೆಯಾಗಿ ಹೊಡೀರಿ. ಒಂದು ಪಟ್ಟಿಗೆ ಬಡಿದು, ಪಕ್ಕದ ಪಟ್ಟಿಗೆ ಬಡಿದು, ಬಂದ ದಿಕ್ಕಿಗೇ ವಾಪಸ್ ಬರುತ್ತೆ. ಎರಡು ಪಟ್ಟಿ ಲಂಬಕೋನದಲ್ಲಿ ಸೇರಿದ್ರೆ ಹಾಗೇ ಆಗೋದು. ರೇಡಾರ್ ಅಲೆಗಳೂ ಹೀಗೇ. ವಿಮಾನದ ಮೇಲೆ ನೆಟ್ಟಗೆ ನಿಂತಿರೋ ಬಾಲ, ಅದರ ಬುಡದಲ್ಲಿ ಮಲಗಿರೋ ರೆಕ್ಕೆ ಸೇರಿದ್ರೆ ಒಂದು ಮೂಲೆ. ರೇಡಾರ್ ಕಳಿಸಿದ ಅಲೆ ಆ ಮೂಲೆಗೆ ಬಡಿದು ರೇಡಾರಿಗೇ ವಾಪಸ್ ಹೋಗಿ "ಇಲ್ಲೊಂದು ವಿಮಾನ ಇದೆ" ಅಂತ ಚಾಡಿ ಹೇಳುತ್ತೆ.

ಇದನ್ನ ಹೇಳ್ತಿದ್ದ ಹಾಗೇ ಚಾಚಾ ನಕ್ಕರು. "ಇದು ನಮ್ಮ ಕೆಲಸದ ಉಲ್ಟಾ ಅಲ್ವಾ?" ಅಂದ್ರು. ಹೌದು ನೋಡಿ. ಹರಳಿಗೆ ಮುಖ ಕೊರೆಯೋವಾಗ ಒಳಗೆ ಹೋದ ಬೆಳಕು ತಿರುಗಿ ನೋಡೋರ ಕಣ್ಣಿಗೇ ಬರಲಿ ಅಂತ ಕೋನ ಲೆಕ್ಕ ಹಾಕ್ತಾರೆ. ಕೋನ ತಪ್ಪಿದ್ರೆ ಬೆಳಕು ಬೇರೆ ಕಡೆ ಸೋರಿ ಕಲ್ಲು ಮಂಕಾಗಿ ಕಾಣುತ್ತೆ. ಸ್ಟೆಲ್ತ್ ವಿಮಾನ ಮಾಡೋರಿಗೆ ಬೇಕಾಗಿರೋದು ಆ ಮಂಕುತನವೇ. ಬಂದ ಅಲೆ ಎಲ್ಲಾದ್ರೂ ಹೋಗಲಿ, ಕಳಿಸಿದೋನ ಹತ್ತಿರ ಮಾತ್ರ ವಾಪಸ್ ಹೋಗಬಾರದು. ಅದಕ್ಕೇ ನೆಟ್ಟಗೆ ನಿಂತಿದ್ದನ್ನೆಲ್ಲ ಕಿತ್ತು ಹಾಕ್ತಾರೆ.

ಎರಡನೇ ಲಾಭ ನಮ್ಮ ಕಾಮರ್ಸ್ ಭಾಷೇಲಿ ಹೇಳ್ಬೇಕು ಅಂದ್ರೆ ಓವರ್‌ಹೆಡ್ ಉಳಿತಾಯ. ಬಾಲಕ್ಕೂ ತೂಕ ಇದೆ, ಅದು ಗಾಳಿಗೆ ಅಡ್ಡ ನಿಲ್ಲುತ್ತೆ. ಬಾಲ ಇಲ್ಲದಿದ್ರೆ ಅಷ್ಟು ಎಳೆತ ಕಡಿಮೆ, ಅಷ್ಟು ಇಂಧನ ಉಳಿತಾಯ.

ಬಾಲಂಗೋಚಿ ಮತ್ತು ಪತಂಗ

ಈಗ ಖರ್ಚಿನ ಕಡೆ ಬರೋಣ. ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರಿಸಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಮನೇಲಿ ನ್ಯೂಸ್‌ಪೇಪರ್, ಕಡ್ಡಿ, ಅಂಟು ಇಟ್ಕೊಂಡು ಮಾಡಿದ ಗಾಳಿಪಟಕ್ಕೆ ಕೆಳಗೆ ಬಟ್ಟೆ ಚೂರಿನ ಬಾಲಂಗೋಚಿ ಕಟ್ತೀವಿ. ಅದು ಕಿತ್ತು ಹೋದ್ರೆ ಪಟ ಗಿರಗಿರ ತಿರುಗಿ ನೆಲಕ್ಕೆ. ಬಾಲಂಗೋಚಿ ಇದ್ರೆ? ದಾರವನ್ನ ಕಂಬಕ್ಕೆ ಕಟ್ಟಿ ಊಟಕ್ಕೆ ಹೋಗಬಹುದು, ಪಟ ಅಲ್ಲೇ ಇರುತ್ತೆ.

ಆದ್ರೆ ಪೇಚ್ ಹಾಕೋ ಪತಂಗಕ್ಕೆ ಬಾಲಂಗೋಚಿ ಇರಲ್ಲ. ಆದ್ರೂ ಹೇಗೆ ಹಾರುತ್ತೆ? ಹಾರಿಸೋನ ಬೆರಳು ಒಂದು ಕ್ಷಣ ಕೂಡ ಸುಮ್ಮನಿರಲ್ಲ. ದಾರ ಸಡಿಲ ಬಿಟ್ರೆ ಪತಂಗ ತಿರುಗುತ್ತೆ, ಎಳೆದ್ರೆ ಮೂಗು ನೋಡ್ತಿರೋ ಕಡೆ ನುಗ್ಗುತ್ತೆ. ಬಾಲಂಗೋಚಿ ಮಾಡಬೇಕಿದ್ದ ಕೆಲಸವನ್ನ ಅವನ ಬೆರಳು ಮಾಡ್ತಿರುತ್ತೆ.

ಈ ಸಂಚಿಕೆಯಲ್ಲಿ ನಾನು ಹೇಳ್ಬೇಕಾಗಿರೋದು ಇಷ್ಟೇ. ಬಾಲ ತೆಗೆದ್ರೂ ಬಾಲದ ಕೆಲಸ ಹಾಗೇ ಉಳಿಯುತ್ತೆ. ಅದನ್ನ ಬೇರೆ ಯಾರೋ ವಹಿಸ್ಕೋಬೇಕು.

ಕೆಂಪು ಚೆಂಡು, ನೀಲಿ ಚೆಂಡು

ಗೇಮಿನಲ್ಲಿ ವಿಮಾನ ಕಟ್ಟೋವಾಗ ಒಂದು ಬಟನ್ ಒತ್ತಿದ್ರೆ ಕೆಂಪು ಚೆಂಡು, ನೀಲಿ ಚೆಂಡು ಕಾಣುತ್ತೆ. ಕೆಂಪು ಅಂದ್ರೆ ತೂಕದ ಕೇಂದ್ರ, ವಿಮಾನದ ಭಾರವೆಲ್ಲ ಅಲ್ಲಿದೆ ಅಂತ ಭಾವಿಸಬಹುದಾದ ಜಾಗ. ನೀಲಿ ಅಂದ್ರೆ ಗಾಳಿ ವಿಮಾನವನ್ನ ಮೇಲೆತ್ತೋ ಬಲದ ಕೇಂದ್ರ.

ನಿಯಮ ಸರಳ. ಕೆಂಪು ಮುಂದೆ, ನೀಲಿ ಸ್ವಲ್ಪ ಹಿಂದೆ ಇರಬೇಕು. ಆಗ ಗಾಳಿ ಹೊಡೆತಕ್ಕೆ ಮೂಗು ಮೇಲೆದ್ರೆ, ಹಿಂದಿರೋ ನೀಲಿ ಬಲ ಹಿಂಭಾಗವನ್ನ ಎತ್ತಿ ಮೂಗನ್ನ ತಾನಾಗೇ ಕೆಳಗೆ ತರುತ್ತೆ. ನೀಲಿ ಮುಂದಕ್ಕೆ ಬಂದ್ರೆ ಉಲ್ಟಾ. ಮೂಗು ಸ್ವಲ್ಪ ಎದ್ದ ಕೂಡಲೇ ಇನ್ನಷ್ಟು ಏಳುತ್ತೆ, ಕೊನೆಗೆ ಪಲ್ಟಿ.

ಆದ್ರೆ ಕೆಂಪು ಮುಂದಿದ್ರೆ ಮೂಗು ಯಾವಾಗ್ಲೂ ಕೆಳಗೆ ಬಾಗೋಕೆ ನೋಡುತ್ತೆ. ಮಾಮೂಲಿ ವಿಮಾನದಲ್ಲಿ ದೂರದ ಬಾಲ ಹಿಂಭಾಗವನ್ನ ಸ್ವಲ್ಪ ಕೆಳಗೆ ಒತ್ತಿ ಇದನ್ನ ಸರಿದೂಗಿಸುತ್ತೆ. ದೂರ ಅನ್ನೋದೇ ಇಲ್ಲಿ ಮುಖ್ಯ. ಬಾಗಿಲನ್ನ ಹಿಡಿಕೆ ಹತ್ತಿರ ತಳ್ಳಿ ನೋಡಿ, ಒಂದು ಬೆರಳು ಸಾಕು. ಕೀಲಿನ ಪಕ್ಕ ತಳ್ಳಿದ್ರೆ ಮೈಯೆಲ್ಲ ಬಲ ಹಾಕ್ಬೇಕು. ಬಾಲ ಅಂದ್ರೆ ಹಿಡಿಕೆ ಹತ್ತಿರ ತಳ್ಳೋದು. ಬರೀ ರೆಕ್ಕೆಯ ವಿಮಾನದಲ್ಲಿ ರೆಕ್ಕೆಯ ಹಿಂಬದಿಯ ಪಟ್ಟಿಗಳೇ, ಅಂದ್ರೆ ಎಲೆವಾನ್‌ಗಳೇ, ಈ ಕೆಲಸ ಮಾಡ್ಬೇಕು. ಅವು ಕೀಲಿನ ಹತ್ತಿರ ಇವೆ. ಅದಕ್ಕೇ ರೆಕ್ಕೆಯನ್ನ ಹಿಂದಕ್ಕೆ ಬಾಗಿಸ್ತಾರೆ. ತುದಿಗಳು ಹಿಂದೆ ಹೋದಷ್ಟೂ ಅಲ್ಲಿರೋ ಪಟ್ಟಿಗೆ ಹಿಡಿತ ಜಾಸ್ತಿ. ಬಾಣದ ಆಕಾರ ಬರೋದಕ್ಕೆ ಇದೂ ಒಂದು ಕಾರಣ.

ನಮ್ಮ ಹುಡುಗನ ಮೊದಲ ತಪ್ಪು ಇಲ್ಲೇ ಇತ್ತು. ಫೋಟೋ ನೋಡಿ ಆಕಾರ ಚೆನ್ನಾಗಿ ತಂದಿದ್ದ, ಎಂಜಿನ್ ಮಾತ್ರ ತೀರಾ ಹಿಂದೆ ಇಟ್ಟಿದ್ದ. ಕೆಂಪು ಚೆಂಡು ನೀಲಿಗಿಂತ ಹಿಂದೆ ಕೂತಿತ್ತು. ಎಂಜಿನ್ ಮುಂದೆ ಸರಿಸಿ, ಮೂಗಿನಲ್ಲಿ ಸ್ವಲ್ಪ ತೂಕ ಇಟ್ಟು, ಇಂಧನದ ಟ್ಯಾಂಕನ್ನ ಕೆಂಪು ಚೆಂಡಿನ ಮೇಲೇ ತಂದ್ವಿ. ಟ್ಯಾಂಕ್ ಬೇರೆ ಕಡೆ ಇದ್ರೆ ಇಂಧನ ಖಾಲಿ ಆಗ್ತಾ ಆಗ್ತಾ ಕೇಂದ್ರವೂ ಜಾರುತ್ತೆ, ನೆನಪಿರಲಿ.

ಮೂಗು ಪಕ್ಕಕ್ಕೆ ಜಾರಿದ್ರೆ?

ಮೇಲೆ ಕೆಳಗೆ ಸರಿ ಹೋಯ್ತು. ನಿಜವಾದ ತಲೆನೋವು ಎಡ ಬಲದ್ದು. ನೆಟ್ಟಗೆ ನಿಂತಿರೋ ಬಾಲ ಬಾಣದ ಹಿಂದಿನ ಗರಿ ಇದ್ದ ಹಾಗೆ, ಮೂಗು ಪಕ್ಕಕ್ಕೆ ಜಾರದ ಹಾಗೆ ನೋಡ್ಕೊಳ್ಳುತ್ತೆ. ಅದೇ ಇಲ್ಲ ಅಂದ್ಮೇಲೆ?

ಬಲಕ್ಕೆ ತಿರುಗಬೇಕು ಅಂತ ಇಟ್ಕೊಳ್ಳಿ. ಎಡ ರೆಕ್ಕೆ ಎತ್ತಬೇಕು, ಅದಕ್ಕೆ ಎಡಗಡೆ ಪಟ್ಟಿ ಕೆಳಗೆ ಬಾಗುತ್ತೆ. ಎತ್ತುವ ಬಲ ಜಾಸ್ತಿ ಆಯ್ತು, ಜೊತೆಗೆ ಎಳೆತವೂ ಜಾಸ್ತಿ ಆಯ್ತು. ಆ ಎಳೆತ ಮೂಗನ್ನ ಎಡಕ್ಕೆ ಎಳೆಯುತ್ತೆ. ನೀವು ಬಲಕ್ಕೆ ಅಂತೀರಿ, ಮೂಗು ಎಡಕ್ಕೆ ಅನ್ನುತ್ತೆ!

ಅಮೆರಿಕದ ಬಿ-2 ಬಾಂಬರ್ ಇದಕ್ಕೆ ಒಂದು ದಾರಿ ಹಿಡೀತು. ರೆಕ್ಕೆ ತುದಿಯ ಪಟ್ಟಿ ಎರಡು ಪದರಾಗಿ, ಮೊಸಳೆ ಬಾಯಿ ತೆರೆದ ಹಾಗೆ ಬಿಚ್ಚಿಕೊಳ್ಳುತ್ತೆ. ಬಲ ತುದಿ ಬಾಯಿ ತೆರೆದ್ರೆ ಆ ಕಡೆ ಎಳೆತ ಜಾಸ್ತಿ, ಮೂಗು ಬಲಕ್ಕೆ ತಿರುಗುತ್ತೆ. ಎಳೆತ ಅನ್ನೋ ತೊಂದರೆಯನ್ನೇ ಸ್ಟೀರಿಂಗ್ ಮಾಡ್ಕೊಂಡಿದಾರೆ. ನಾವೂ ಗೇಮಿನಲ್ಲಿ ಎರಡೂ ತುದಿಗೆ ಇಂಥ ಬಾಯಿ ಕಟ್ಟಿದ್ವಿ.

ಆದ್ರೂ ಅದನ್ನ ತೆರೆಯೋದು ಯಾವಾಗ, ಎಷ್ಟು? ಇಲ್ಲಿಗೆ ಬಂದಾಗ ಹುಡುಗ ಒಂದು ಗುಟ್ಟು ಬಿಚ್ಚಿದ. "ಭಾಯ್, ನನ್ನದು ಆಗಲೇ ಚೆನ್ನಾಗಿ ಹಾರುತ್ತೆ" ಅಂತ ಹಳೇ ವಿಡಿಯೋ ತೋರಿಸಿದ. ಹೌದು, ಎಣ್ಣೆ ಹಚ್ಚಿದ ಹಾಗೆ ಹಾರ್ತಿತ್ತು. ಕ್ಲಾಸಿನವರೆಲ್ಲ ಶಭಾಷ್ ಅಂದಿದ್ರಂತೆ. ನೋಡಿದ್ರೆ ವಿಮಾನದ ಹೊಟ್ಟೆಯೊಳಗೆ ಒಂದು ಗೈರೋಸ್ಕೋಪ್ ಇಟ್ಟಿದ್ದ. ಗೇಮಿನ ಗೈರೋಸ್ಕೋಪ್ ಅಂದ್ರೆ ಮಂತ್ರದ ಡಬ್ಬಿ. ವಿಮಾನ ಹೇಗೇ ಕಟ್ಟಿರಿ, ಅದು ಹಿಡಿದು ನೆಟ್ಟಗೆ ನಿಲ್ಲಿಸುತ್ತೆ. ತೂಕ ಎಲ್ಲಿದೆ, ರೆಕ್ಕೆ ಸರಿಯಿದೆಯಾ, ಯಾವುದೂ ಲೆಕ್ಕಕ್ಕಿಲ್ಲ.

"ತೆಗೆದು ಹಾರಿಸು" ಅಂದೆ. ತೆಗೆದ. ಏಳು ಸೆಕೆಂಡಿಗೆ ನೆಲಕ್ಕೆ ಬಿತ್ತು. ಅವನ ಮುಖ ನೋಡೋಕಾಗ್ಲಿಲ್ಲ. ಚಾಚಾ ಏನೂ ಅನ್ನಲಿಲ್ಲ, ಚಹಾ ಕುಡೀತಾ ಕೂತಿದ್ರು.

ಮನುಷ್ಯರು ಜೀವ ತೆತ್ತ ಪಾಠ

ಆ ಏಳು ಸೆಕೆಂಡಿನ ಹಿಂದೆ ಒಂದು ದೊಡ್ಡ ಚರಿತ್ರೆ ಇದೆ. ಅಮೆರಿಕದ ಜಾಕ್ ನಾರ್ತ್ರಾಪ್ ಅನ್ನೋ ಎಂಜಿನಿಯರಿಗೆ ಬರೀ ರೆಕ್ಕೆಯ ವಿಮಾನದ ಹುಚ್ಚು. ಮೊದಲು ಪ್ರೊಪೆಲ್ಲರ್ ಇಟ್ಟು ಮಾಡಿದ್ರು. ಆಮೇಲೆ ಅದನ್ನೇ ಜೆಟ್‌ಗೆ ಬದಲಾಯಿಸಿ ವೈಬಿ-49 ಅಂತ ಹೆಸರಿಟ್ರು. 1947ರ ಅಕ್ಟೋಬರ್ 21ರಂದು ಅದು ಮೊದಲ ಸಲ ಹಾರಿತು. ತಮಾಷೆ ಏನು ಗೊತ್ತಾ? ಹಿಂದೆ ತಿರುಗ್ತಿದ್ದ ಪ್ರೊಪೆಲ್ಲರ್‌ಗಳು ಮೂಗು ಪಕ್ಕಕ್ಕೆ ಜಾರದ ಹಾಗೆ ಸದ್ದಿಲ್ಲದೆ ಸಹಾಯ ಮಾಡ್ತಿದ್ವು. ಜೆಟ್ ಹಾಕಿದ ಮೇಲೆ ಆ ಸಹಾಯ ಹೋಯ್ತು. ಅದಕ್ಕೆ ನಾಲ್ಕು ಸಣ್ಣ ನೆಟ್ಟಗಿನ ರೆಕ್ಕೆಗಳನ್ನ ಸೇರಿಸಬೇಕಾಯ್ತು. ಬಾಲ ತೆಗೆದೋರು ಸಣ್ಣ ಸಣ್ಣ ಬಾಲ ವಾಪಸ್ ತಂದ್ರು.

1948ರ ಜೂನ್ 5ರಂದು ಒಂದು ವೈಬಿ-49 ಕ್ಯಾಲಿಫೋರ್ನಿಯಾದಲ್ಲಿ ಬಿದ್ದು ಐವರೂ ತೀರಿಕೊಂಡ್ರು. ಅವರಲ್ಲಿ ಗ್ಲೆನ್ ಎಡ್ವರ್ಡ್ಸ್ ಒಬ್ಬರು. ಇವತ್ತು ಪ್ರಯೋಗದ ವಿಮಾನಗಳ ಸುದ್ದಿ ಬಂದಾಗೆಲ್ಲ ಕೇಳೋ ಎಡ್ವರ್ಡ್ಸ್ ವಾಯುನೆಲೆಗೆ ಅವರದೇ ಹೆಸರು.

ಅಲ್ಲಿಂದ ಬಿ-2 ಹಾರೋಕೆ 1989ರ ಜುಲೈ 17ರವರೆಗೆ ಕಾಯಬೇಕಾಯ್ತು. ಎರಡರ ರೆಕ್ಕೆ ಅಗಲವೂ ಒಂದೇ, 172 ಅಡಿ. ಹಾಗಾದ್ರೆ ನಾಲ್ಕು ದಶಕದಲ್ಲಿ ಬದಲಾಗಿದ್ದೇನು? ಕಂಪ್ಯೂಟರ್. ಪೈಲಟ್ ಸ್ಟಿಕ್ ತಿರುಗಿಸಿದ್ರೆ ಅದು ನೇರವಾಗಿ ಪಟ್ಟಿಗೆ ಹೋಗಲ್ಲ. ಕಂಪ್ಯೂಟರ್ ಸೆನ್ಸರ್‌ಗಳನ್ನ ನೋಡಿ, ಯಾವ ಪಟ್ಟಿ ಎಷ್ಟು ಬಾಗಬೇಕು ಅಂತ ಕ್ಷಣಕ್ಷಣಕ್ಕೂ ತೀರ್ಮಾನ ಮಾಡುತ್ತೆ. ಪತಂಗ ಹಾರಿಸೋನ ಬೆರಳು ಅದೇ.

ಚಳ್ಳಕೆರೆಯಲ್ಲಿ ಆ ಬೆರಳು

ಈಗ ನಮ್ಮ ವಿಮಾನಕ್ಕೆ ವಾಪಸ್ ಬನ್ನಿ. ಚಳ್ಳಕೆರೆಯಲ್ಲಿ ಒಳಗೆ ಪೈಲಟ್ಟೇ ಇಲ್ಲ. ಹಾರಾಟದ ನಿಯಂತ್ರಣ ವ್ಯವಸ್ಥೆ ಇಲ್ಲೇ ಅಭಿವೃದ್ಧಿ ಮಾಡಿದ್ದು. ಇಳಿಯೋದಕ್ಕೆ ನೆಲದ ಮೇಲೆ ರೇಡಾರ್ ಬೇಕಿಲ್ಲ, ರಿಮೋಟ್ ಹಿಡಿದ ಪೈಲಟ್ಟೂ ಬೇಕಿಲ್ಲ. ರನ್‌ವೇಯ ಅಕ್ಷಾಂಶ ರೇಖಾಂಶ ಅಳತೆ ಮಾಡಿ ಕೊಟ್ಟಿದ್ರೆ ಸಾಕು. ನಮ್ಮ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೆ ಈಚೆ ತೋರಿಸೋದು ನೋಡಿದೀರಲ್ಲ, ವಿಮಾನ ಇಳಿಯೋವಾಗ ಅಷ್ಟು ತಪ್ಪಿದ್ರೆ ಕಥೆ ಮುಗೀತು. ಆ ತಪ್ಪನ್ನ ತಿದ್ದೋಕೆ 'ಗಗನ್' ಅನ್ನೋ ನಮ್ಮದೇ ಉಪಗ್ರಹ ವ್ಯವಸ್ಥೆ ಇದೆ. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ ಮಾಡಿದ್ದು. ಅದರ ಜೊತೆ ವಿಮಾನದೊಳಗಿನ ಬೇರೆ ಸೆನ್ಸರ್‌ಗಳ ಮಾಹಿತಿಯನ್ನೂ ಕೂಡಿಸಿ ಇಳಿಸ್ತಾರೆ.

ಅಂದ್ರೆ ತೆಗೆದು ಹಾಕಿದ ಬಾಲದ ಖರ್ಚನ್ನ ಸೆನ್ಸರ್, ಕಂಪ್ಯೂಟರ್, ಸಾಫ್ಟ್‌ವೇರ್, ವರ್ಷಗಟ್ಟಲೆ ಪರೀಕ್ಷೆ ಕಟ್ಟಿವೆ. ಇನ್ನೊಂದು ಖರ್ಚನ್ನೂ ಬರೀಬೇಕು. ಚಳ್ಳಕೆರೆಯ ಆ ಕಾವಲುಗಳು ಅಮೃತ ಮಹಲ್ ದನಗಳ ಹುಲ್ಲುಗಾವಲು. ಸುತ್ತಲಿನ ಹಳ್ಳಿಯವರು ಕುರಿ ದನ ಮೇಯಿಸ್ತಿದ್ದ ಜಾಗ. ಬೇಲಿ ಬಿದ್ದಾಗ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೂ ಹೋಗಿತ್ತು. ಲಾಭದ ಕಾಲಂ ಮಾತ್ರ ಓದಿದ್ರೆ ಅದು ಲೆಕ್ಕ ಅಲ್ಲ.

ಗೈರೋ ಇಲ್ಲದೆ

ಆ ರಾತ್ರಿ ನಾವಿಬ್ರೂ ಗೈರೋಸ್ಕೋಪ್ ಡಿಲೀಟ್ ಮಾಡಿ ಮತ್ತೆ ಕೂತ್ವಿ. ಈ ಗೇಮಿನಲ್ಲಿ ಒಂದು ಒಳ್ಳೇ ಸೌಲಭ್ಯ ಇದೆ. ಯಾವ ಪಟ್ಟಿ ಯಾವಾಗ ಬಾಗಬೇಕು ಅಂತ ಸಣ್ಣ ಸೂತ್ರ ಬರೀಬಹುದು. ನಾವು ಬರೆದಿದ್ದರ ಅರ್ಥ ಇಷ್ಟು: ಮೂಗು ಎಡಕ್ಕೆ ಎಷ್ಟು ಡಿಗ್ರಿ ಜಾರಿದೆಯೋ ನೋಡು, ಅದಕ್ಕೆ ತಕ್ಕಷ್ಟು ಬಲ ತುದಿಯ ಬಾಯಿ ತೆರೆ. ಬಲಕ್ಕೆ ಜಾರಿದ್ರೆ ಎಡ ತುದಿ.

ಹಾರಿಸಿದ್ವಿ. ಸರಿಯಾಗಿ ಎದ್ದು, ಆಮೇಲೆ ಎಡಕ್ಕೆ, ಬಲಕ್ಕೆ, ಇನ್ನೂ ಜೋರಾಗಿ ಎಡಕ್ಕೆ, ಒದ್ದಾಡಿ ಬಿತ್ತು. ಸೈಕಲ್ ಹೊಸದಾಗಿ ಕಲಿಯೋರು ಹ್ಯಾಂಡಲ್ ತಿರುಗಿಸ್ತಾರಲ್ಲ, ಹಾಗೆ. ಜಾರಿದ್ದಕ್ಕೆ ಅತಿಯಾಗಿ ತಿದ್ದಿ, ತಿದ್ದಿದ್ದನ್ನ ಮತ್ತೆ ಅತಿಯಾಗಿ ತಿದ್ದೋದು. ತಿದ್ದೋ ಪ್ರಮಾಣ ಕಡಿಮೆ ಮಾಡಿದ್ವಿ. ಜೊತೆಗೆ ಎಷ್ಟು ಜಾರಿದೆ ಅನ್ನೋದರ ಜೊತೆ ಎಷ್ಟು ಬೇಗ ಜಾರ್ತಿದೆ ಅನ್ನೋದನ್ನೂ ಸೂತ್ರಕ್ಕೆ ಸೇರಿಸಿದ್ವಿ. ಆಗಲೇ ವಾಪಸ್ ಬರ್ತಿದ್ರೆ ಮತ್ತೆ ತಳ್ಳಬೇಡ, ತಡಿ, ಅನ್ನೋ ಅರ್ಥ.

ಒಂಬತ್ತನೇ ಸಲ ಅದು ನಾಲ್ಕು ನಿಮಿಷ ಹಾರಿತು. ಹಳೇ ವಿಡಿಯೋದಷ್ಟು ನಯವಾಗಿ ಅಲ್ಲ, ಸ್ವಲ್ಪ ನಡುಗ್ತಾ ನಡುಗ್ತಾ. ಇಳಿಸೋವಾಗ ಗಾಲಿ ಮುರೀತು. ಹುಡುಗ ಕಿರುಚಿದ್ದಕ್ಕೆ ಚಾಚಾ ಎದ್ದು ಬಂದ್ರು. ಮುರಿದ ಗಾಲಿ ನೋಡಿ "ಬಿದ್ದು ಹೋಯ್ತಲ್ಲ, ಖುಷಿ ಯಾಕೆ?" ಅಂತ ಕೇಳಿದ್ರು. ಹುಡುಗ ಕೆಂಪು ಚೆಂಡಿನಿಂದ ಶುರು ಮಾಡಿ ಎಲ್ಲ ಹೇಳಿದ. ಬಾಗಿಲ ಕೀಲಿನ ಹತ್ತಿರ ತಳ್ಳೋ ವಿಷಯ ಬಂದಾಗ, "ಇದು ನಿಮ್ಮ ಫಿಸಿಕ್ಸ್ ಪುಸ್ತಕದಲ್ಲೂ ಇದೆಯಾ?" ಅಂದ್ರು ಚಾಚಾ. ಇದೆ ಅಂದ. ತಂದು ಟಾರ್ಕ್ ಪಾಠ ತೋರಿಸಿದ.

ನಾನು ಸುಳ್ಳು ಹೇಳಲ್ಲ. ಗೇಮ್ ಆಡಿದ್ರೆ ಎಂಜಿನಿಯರ್ ಆಗಲ್ಲ. ಗೇಮಿನ ಗಾಳಿ ನಿಜವಾದ ಗಾಳಿಗಿಂತ ತುಂಬಾ ಸರಳ, ಅಲ್ಲಿ ಬಿದ್ರೆ ಇನ್ನೊಂದು ಸಲ ಅನ್ನೋ ಬಟನ್ ಇದೆ. ಆದ್ರೆ ಮಂತ್ರದ ಡಬ್ಬಿ ತೆಗೆದಿಟ್ಟು ಆಡಿದ್ರೆ, ಪಠ್ಯದ ಸಾಲು ಯಾಕೆ ಬರೆದಿದಾರೆ ಅಂತ ಕೈಗೆ ಗೊತ್ತಾಗುತ್ತೆ.

ಕೊನೆಗೆ ಚಾಚಾ ತೀರ್ಪು ಏನಂದ್ರೆ, ಪರೀಕ್ಷೆ ಮುಗಿಯೋವರೆಗೆ ಫೋನ್ ನನ್ನ ಹತ್ತಿರ. ಭಾನುವಾರ ಒಂದು ಗಂಟೆ ಮಾತ್ರ ವಿಮಾನ. ಹುಡುಗನಿಗೆ ಪೂರ್ತಿ ಸಮಾಧಾನ ಆಗಿಲ್ಲ. ಮುಂದಿನ ಭಾನುವಾರ ಗಾಲಿ ರಿಪೇರಿ ಮಾಡ್ತೀನಿ ಅಂತ ಪಟ್ಟಿ ಬರೆದಿಟ್ಟಿದಾನೆ.

ನೀವೂ ಪ್ರಯತ್ನ ಮಾಡೋದಾದ್ರೆ ಇಷ್ಟು ಮಾಡಿ. ಮೊದಲು ಬಾಲ ಇರೋ ಮಾಮೂಲಿ ವಿಮಾನ ಕಟ್ಟಿ ಹಾರಿಸಿ. ಆಮೇಲೆ ನೆಟ್ಟಗಿನ ಬಾಲವನ್ನ ಪ್ರತಿ ಸಲ ಸ್ವಲ್ಪ ಸ್ವಲ್ಪ ಚಿಕ್ಕದು ಮಾಡ್ತಾ ಹೋಗಿ. ಎಲ್ಲಿ ವಿಮಾನ ಒದ್ದಾಡೋಕೆ ಶುರು ಮಾಡುತ್ತೋ ಅಲ್ಲಿ ನಿಲ್ಲಿಸಿ. ಬಾಲ ಅಲ್ಲೀವರೆಗೆ ಸುಮ್ಮನೆ ಏನು ಕೆಲಸ ಮಾಡ್ತಿತ್ತು ಅಂತ ನಿಮಗೇ ಕಾಣುತ್ತೆ. ಗೈರೋಸ್ಕೋಪ್ ಮಾತ್ರ ಹಾಕ್ಬೇಡಿ.

ಸಂಚಿಕೆ ಇಷ್ಟ ಆದ್ರೆ ಗಾಳಿಪಟ ಹಾರಿಸೋ ಒಬ್ಬರಿಗಾದ್ರೂ ಕಳಿಸಿ.